ಪರದೆಯ ಮೇಲಿನ ಪ್ರಯೋಗ, ಪಾಠದೊಳಗಿನ ಆಟ: ನಿಷೇಧ ಯಾವುದಕ್ಕೆ, ಪ್ರೋತ್ಸಾಹ ಯಾವುದಕ್ಕೆ?

2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ದೇಶದಾದ್ಯಂತ ನಿಷೇಧ ಹೇರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು 2026–27ರ ಶೈಕ್ಷಣಿಕ ವರ್ಷದಿಂದ ಮೂರನೆಯ ತರಗತಿಯಿಂದಲೇ ಕೃತಕ ಬುದ್ಧಿಮತ್ತೆ ಮತ್ತು ಗಣಕೀಯ ಚಿಂತನೆಯನ್ನು ಪಠ್ಯಕ್ರಮಕ್ಕೆ ತರುವುದಾಗಿ ಪ್ರಕಟಿಸಿತು. ಡಿಸೆಂಬರ್ 10ರಿಂದ ಆಸ್ಟ್ರೇಲಿಯವು 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿರಾಕರಿಸಿತು. ಈ ಸುದ್ದಿಗಳನ್ನು ಒಂದರ ಹಿಂದೊಂದು ಓದಿದ ಮೈಸೂರು, ಮಂಡ್ಯದ ತಂದೆತಾಯಂದಿರಿಗೆ ದಿಕ್ಕು ತೋಚದಂತಾಗಿದ್ದರೆ ಆಶ್ಚರ್ಯವಿಲ್ಲ. ಮಗುವಿನ ಕೈಯಿಂದ ಮೊಬೈಲ್ ಕಿತ್ತಿಡಿ ಎನ್ನುವವರೂ, ಅದೇ ಕೈಗೆ ಟ್ಯಾಬ್ ಕೊಡಿ ಎನ್ನುವವರೂ ಮಗುವಿನ ಹಿತದ ಹೆಸರಿನಲ್ಲೇ ಮಾತನಾಡುತ್ತಿದ್ದಾರೆ.

ಗೊಂದಲಕ್ಕೆ ಒಂದು ಕಾರಣ ನಾವು ಬಳಸುತ್ತಿರುವ ಪದಗಳಲ್ಲೇ ಇದೆ. ಪಣ ಕಟ್ಟುವ ರಮ್ಮಿಗೂ, ಭಿನ್ನರಾಶಿ ಕಲಿಸುವ ತಂತ್ರಾಂಶಕ್ಕೂ ‘ಗೇಮ್’ ಎಂಬ ಒಂದೇ ಹೆಸರು. ತಾಸುಗಟ್ಟಲೆ ನೋಡುವ ಕಿರುವಿಡಿಯೊಗಳಿಗೂ, ವಿದ್ಯುನ್ಮಂಡಲವನ್ನು ಜೋಡಿಸಿ ನೋಡುವ ಸಿಮ್ಯುಲೇಷನ್‌ಗೂ, ಅಂದರೆ ನಿಜದ್ದನ್ನು ಅನುಕರಿಸುವ ಮಾದರಿಗೂ, ‘ಪರದೆ’ ಎಂಬ ಒಂದೇ ಲೆಕ್ಕ. ಇವುಗಳನ್ನು ಬಿಡಿಸಿಟ್ಟುಕೊಳ್ಳದೆ ಶಾಲೆಯಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬ ಚರ್ಚೆ ಮುಂದಕ್ಕೆ ಸಾಗುವುದಿಲ್ಲ.

ಕಾಯ್ದೆಯ ಗುರಿ ಯಾವುದು

ಹೊಸ ಕಾಯ್ದೆಯು ಆನ್‌ಲೈನ್ ಆಟಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಹಣವನ್ನೋ ಹಣಕ್ಕೆ ಸಮಾನವಾದುದನ್ನೋ ಪಣವಾಗಿಟ್ಟು, ಗೆದ್ದರೆ ಲಾಭ ಬರುತ್ತದೆಂಬ ನಿರೀಕ್ಷೆಯಲ್ಲಿ ಆಡುವ ಆಟ ಮೊದಲನೆಯದು. ಅದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ವಾದಕ್ಕೆ ಇಲ್ಲಿ ಜಾಗವಿಲ್ಲ, ಎರಡೂ ನಿಷಿದ್ಧ. ಅಂಥ ಆಟವನ್ನು ಒದಗಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಎರಡನೆಯದು ಸ್ಪರ್ಧಾತ್ಮಕ ಇ-ಕ್ರೀಡೆ. ಮೂರನೆಯದು ಪಣವಿಲ್ಲದ ಸಾಮಾಜಿಕ ಆಟ. ಮನರಂಜನೆಗಾಗಿಯೂ ಶಿಕ್ಷಣಕ್ಕಾಗಿಯೂ ಇರುವ ಇಂಥ ಆಟಗಳು ಬೆಳೆಯಲು ಸರ್ಕಾರ ಅನುವು ಮಾಡಿಕೊಡಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಚಂದಾ ಅಥವಾ ಪ್ರವೇಶ ಶುಲ್ಕ ಪಡೆದ ಮಾತ್ರಕ್ಕೆ ಶೈಕ್ಷಣಿಕ ಆಟವು ನಿಷಿದ್ಧವಾಗುವುದಿಲ್ಲ. ಆ ಹಣ ಪಣವಾಗಿರಬಾರದು, ಅಷ್ಟೆ.

ಶಿಕ್ಷಣ ನೀತಿಯ ದಿಕ್ಕೂ ಪ್ರೋತ್ಸಾಹದ ಕಡೆಗೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ದೀಕ್ಷಾ, ಸ್ವಯಂ ಮುಂತಾದ ಆನ್‌ಲೈನ್ ಕಲಿಕಾ ವೇದಿಕೆಗಳ ಮೂಲಕ ವರ್ಚುವಲ್ ಪ್ರಯೋಗಾಲಯಗಳನ್ನು ಸೃಷ್ಟಿಸುವ ಮಾತನ್ನಾಡುತ್ತದೆ, ಕಲಿಕೆಯ ಆಟಗಳನ್ನೂ ಸಿಮ್ಯುಲೇಷನ್‌ಗಳನ್ನೂ ಹೆಸರಿಸುತ್ತದೆ. 2022–23ರ ಕೇಂದ್ರ ಬಜೆಟ್‌ನಲ್ಲಿ ವಿಜ್ಞಾನ ಮತ್ತು ಗಣಿತಕ್ಕಾಗಿ 750 ವರ್ಚುವಲ್ ಪ್ರಯೋಗಾಲಯಗಳ ಘೋಷಣೆಯಾಗಿತ್ತು. ಹೀಗಾಗಿ ಕಾನೂನಿನ ಮಟ್ಟದಲ್ಲಿ ವಿರೋಧಾಭಾಸವೇನೂ ಇಲ್ಲ. ಕಾನೂನು ಉತ್ತರಿಸಲಾಗದ ಪ್ರಶ್ನೆ ಬೇರೆಯೇ ಇದೆ: ‘ಶೈಕ್ಷಣಿಕ’ ಎಂಬ ಹಣೆಪಟ್ಟಿ ಹೊತ್ತು ಬರುವ ತಂತ್ರಾಂಶದಿಂದ ಮಗು ನಿಜವಾಗಿ ಏನನ್ನಾದರೂ ಕಲಿಯುತ್ತದೆಯೇ?

ಅಳಗುಳಿ ಮನೆಯ ಕಾಯಿ, ಪರಮಪದದ ದಾಳ

ಸಿಮ್ಯುಲೇಷನ್ ಎಂದರೆ ನಿಜ ಪ್ರಪಂಚದ ಒಂದು ತುಣುಕಿನ ಮಾದರಿ. ಅದರಲ್ಲಿ ಕೆಲವು ಅಂಶಗಳನ್ನು ನಾವು ಬದಲಿಸಬಹುದು. ಬದಲಿಸಿದಾಗ ಏನಾಗುತ್ತದೆಂದು ಮಾದರಿ ತೋರಿಸುತ್ತದೆ. ಇದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ನಡೆಯುವ ಅಣಕು ಸಂಸತ್ತು ಒಂದು ಸಿಮ್ಯುಲೇಷನ್. ಅಲ್ಲಿ ಸಭಾಧ್ಯಕ್ಷರ ಪೀಠದಲ್ಲಿ ಕುಳಿತ ಹತ್ತನೆಯ ತರಗತಿಯ ವಿದ್ಯಾರ್ಥಿನಿಗೆ ಶೂನ್ಯವೇಳೆ ಎಂದರೇನೆಂದು ಪುಸ್ತಕ ಓದಿದವರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ, ಏಕೆಂದರೆ ಗದ್ದಲದ ನಡುವೆ ಯಾರಿಗೆ ಮಾತನಾಡಲು ಬಿಡಬೇಕೆಂದು ಆಕೆಯೇ ತೀರ್ಮಾನಿಸಬೇಕಾಗಿರುತ್ತದೆ. ವಿಮಾನ ಚಾಲಕರ ತರಬೇತಿಗಾಗಿ ನೆಲದ ಮೇಲೇ ಅಲುಗಾಡುವ ಯಂತ್ರವನ್ನು ಅಮೆರಿಕದ ಎಡ್ವಿನ್ ಲಿಂಕ್ ರೂಪಿಸಿದ್ದು 1929ರ ಹೊತ್ತಿಗೆ, ಡಿಜಿಟಲ್ ಕಂಪ್ಯೂಟರುಗಳು ಬರುವ ಮೊದಲೇ.

ಆಟದಲ್ಲಿ ಮಾದರಿಯ ಜೊತೆಗೆ ಗುರಿ, ನಿಯಮ, ಸೋಲು, ಗೆಲುವು ಸೇರಿಕೊಳ್ಳುತ್ತವೆ. ಆಟದ ಮೂಲಕ ಕಲಿಸುವುದು ಮೈಸೂರಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯ ನಡೆಯ ಮೇಲೆ ಸಮಸ್ಯಾಪಟಗಳನ್ನು ರಚಿಸಿದವರು. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗವು ಗಂಜೀಫಾ ಎಂಬ ಎಲೆಯಾಟ ಮತ್ತು ಮಣೆಯಾಟಗಳಿಗೇ ಮೀಸಲು.

ಮನೆಯ ಜಗುಲಿಯ ಮೇಲೆ ಆಡುತ್ತಿದ್ದ ಆಟಗಳನ್ನೇ ಹೋಲಿಸಿ ನೋಡಿದರೆ ಒಂದು ಒಳ್ಳೆಯ ಅಳತೆಗೋಲು ಸಿಗುತ್ತದೆ. ಪರಮಪದ ಸೋಪಾನದ ಪಟದಲ್ಲಿ ಪಾಪ ಪುಣ್ಯಗಳ ಹೆಸರುಗಳಿವೆ, ಆದರೆ ಹಾವಿನ ಬಾಯಿಗೆ ಬೀಳುವುದೂ ಏಣಿ ಹತ್ತುವುದೂ ದಾಳದ ಕೈಯಲ್ಲಿದೆ. ಆಡುವವರು ತೀರ್ಮಾನಿಸಬೇಕಾದದ್ದು ಏನೂ ಇಲ್ಲ. ಚೌಕಾಬಾರದಲ್ಲಿ ಕವಡೆ ಎಷ್ಟು ಬೀಳುತ್ತದೆ ಎನ್ನುವುದು ಅದೃಷ್ಟ, ಆದರೆ ಯಾವ ಕಾಯಿಯನ್ನು ನಡೆಸಬೇಕು ಎನ್ನುವುದು ಆಟಗಾರರ ವಿವೇಚನೆ. ಅಳಗುಳಿ ಮನೆಯಲ್ಲಿ ಅದೃಷ್ಟದ ಪಾತ್ರವೇ ಇಲ್ಲ. ಯಾವ ಗುಳಿಯಿಂದ ಹೊರಟರೆ ಕೊನೆಯ ಕಾಳು ಎಲ್ಲಿ ಬೀಳುತ್ತದೆಂದು ಎಣಿಸಿಯೇ ಕೈಹಾಕಬೇಕು. ಅಲ್ಲಿ ಎಣಿಕೆಯೇ ಆಟದ ನಡೆ. ಕಲಿಕೆಯು ಆಟದ ನಡೆಯೊಳಗೇ ಇದೆಯೋ, ಇಲ್ಲವೇ ಆಟದ ಮೇಲೆ ಅಂಟಿಸಿದ ಚೀಟಿಯೋ ಎಂಬ ಪ್ರಶ್ನೆಯನ್ನು ಯಾವ ಡಿಜಿಟಲ್ ಆಟಕ್ಕೂ ಕೇಳಬಹುದು.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ಅಮೆರಿಕದ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳ ಜೊತೆ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆಲವು ಮಕ್ಕಳು ಒಂದರಿಂದ ಹತ್ತರವರೆಗೆ ಸಂಖ್ಯೆಗಳಿದ್ದ ಮಣೆಯ ಮೇಲೆ, ಉಳಿದವರು ಸಂಖ್ಯೆಗಳ ಬದಲು ಬಣ್ಣಗಳಿದ್ದ ಅಂಥದೇ ಮಣೆಯ ಮೇಲೆ ಆಡಿದರು. ಆಟ ಒಂದೇ, ಆಡಿದ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಆದರೆ ಸಂಖ್ಯಾಜ್ಞಾನ ಸುಧಾರಿಸಿದ್ದು ಸಂಖ್ಯೆಗಳ ಮಣೆಯ ಮೇಲೆ ಆಡಿದವರಿಗೆ ಮಾತ್ರ. ಇಂದು ಮಾರುಕಟ್ಟೆಯಲ್ಲಿರುವ ಅನೇಕ ‘ಗಣಿತದ ಆಟ’ಗಳು ಬಣ್ಣದ ಮಣೆಯ ಜಾತಿಗೆ ಸೇರಿದವು. ಒಂದು ಲೆಕ್ಕ ಮಾಡಿದರೆ ರಾಕ್ಷಸನಿಗೆ ಒಂದು ಗುಂಡು, ಮತ್ತೊಂದು ಲೆಕ್ಕಕ್ಕೆ ಮತ್ತೊಂದು ಗುಂಡು. ಲೆಕ್ಕಕ್ಕೂ ರಾಕ್ಷಸನಿಗೂ ಸಂಬಂಧವಿಲ್ಲ. ಮಗುವಿಗೆ ಲೆಕ್ಕವು ಆಟದ ದಾರಿಗೆ ಅಡ್ಡವಿರುವ ಸುಂಕದಕಟ್ಟೆಯಂತೆ ಕಾಣುತ್ತದೆ.

ಎರಡನೆಯ ಬಲ್ಬು ಏಕೆ ಮಂಕಾಯಿತು

ಸಿಮ್ಯುಲೇಷನ್‌ನ ನಿಜವಾದ ಬಲ ಕಾಣುವುದು ಕಣ್ಣಿಗೆ ಬೀಳದ ಸಂಗತಿಗಳನ್ನು ಕಲಿಸುವಾಗ. ಬ್ಯಾಟರಿಯೊಂದಕ್ಕೆ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಎರಡೂ ಮಂಕಾಗಿ ಉರಿಯುತ್ತವೆ. ಏಕೆಂದು ಕೇಳಿದರೆ, ಮೊದಲ ಬಲ್ಬು ವಿದ್ಯುತ್ತನ್ನು ತಿಂದು ಮಿಕ್ಕಿದ್ದನ್ನು ಎರಡನೆಯದಕ್ಕೆ ಬಿಡುತ್ತದೆ ಎಂದು ಹೇಳುವ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಓಮ್‌ನ ನಿಯಮವನ್ನು ಬಾಯಿಪಾಠ ಮಾಡಿದವರಲ್ಲೂ ಈ ನಂಬಿಕೆ ಗಟ್ಟಿಯಾಗಿ ಉಳಿದಿರುತ್ತದೆ. ತಂತಿಯೊಳಗಿನ ಎಲೆಕ್ಟ್ರಾನುಗಳು ಎರಡೂ ಬಲ್ಬುಗಳಲ್ಲಿ ಒಂದೇ ವೇಗದಲ್ಲಿ ಸಾಗುವುದನ್ನು ಪರದೆಯ ಮೇಲೆ ಕಂಡಾಗ ಆ ನಂಬಿಕೆಗೆ ಪೆಟ್ಟು ಬೀಳುತ್ತದೆ.

ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ಸಿಮ್ಯುಲೇಷನ್‌ಗಳು ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಅವು ಉಚಿತ, ಕೆಲವು ಕನ್ನಡದಲ್ಲೂ ಲಭ್ಯ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ. ಅದರ ವಿದ್ಯುನ್ಮಂಡಲದ ಸಿಮ್ಯುಲೇಷನ್ ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ನಿಜವಾದ ತಂತಿ, ಬಲ್ಬುಗಳ ಬದಲು ಸಿಮ್ಯುಲೇಷನ್ ಬಳಸಿ ಕಲಿತ ಕಾಲೇಜು ವಿದ್ಯಾರ್ಥಿಗಳು ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮುಂದಿದ್ದರು; ಅದಕ್ಕೂ ಮುಖ್ಯವಾಗಿ, ನಿಜವಾದ ಮಂಡಲವನ್ನು ಕಟ್ಟಿ ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸುವುದರಲ್ಲೂ ಮುಂದಿದ್ದರು. ಸಡಿಲವಾದ ಸಂಪರ್ಕ, ಸೋರಿದ ಬ್ಯಾಟರಿ, ಸುಟ್ಟುಹೋದ ಬಲ್ಬುಗಳ ಕಾಟವಿಲ್ಲದ್ದರಿಂದ ಅವರ ಗಮನವೆಲ್ಲ ಮೂಲತತ್ತ್ವದ ಮೇಲೆಯೇ ನಿಂತಿತ್ತೆಂದು ಇದನ್ನು ಅರ್ಥಮಾಡಿಕೊಳ್ಳಬಹುದು.

ಆದರೆ ಈ ಫಲಿತಾಂಶವನ್ನು ಎಳೆದು, ನಿಜವಾದ ಪ್ರಯೋಗಾಲಯವೇ ಬೇಡವೆಂದು ವಾದಿಸುವುದು ತಪ್ಪು. ಸಿಮ್ಯುಲೇಷನ್ ಮರೆಮಾಡುವ ಸಂಗತಿಗಳೂ ಪಾಠವೇ. ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಟೈಟ್ರೇಷನ್‌ನಲ್ಲಿ ಒಂದೇ ಒಂದು ಹನಿ ಹೆಚ್ಚಾಗಿ ದ್ರಾವಣ ಕಡುಗುಲಾಬಿಯಾಗಿಬಿಟ್ಟಾಗ ಮತ್ತೆ ಮೊದಲಿನಿಂದ ಮಾಡಬೇಕಾಗುವ ತಾಳ್ಮೆ, ಮೂರು ಬಾರಿ ಅಳೆದರೆ ಮೂರು ಬೇರೆ ಬೇರೆ ಅಂಕಿ ಬರುವುದೇಕೆಂಬ ಯೋಚನೆ, ಬಿಸಿ ಗಾಜಿನ ಬಗ್ಗೆ ಕೈಗೆ ಬರುವ ಎಚ್ಚರ, ಇವು ಪರದೆಯಿಂದ ದಕ್ಕುವುದಿಲ್ಲ. ಪರದೆಯ ಮೇಲೆ ಎಲೆಕ್ಟ್ರಾನುಗಳು ಮಣಿಗಳಂತೆ ಕಣ್ಣಿಗೆ ಕಾಣುವ ವೇಗದಲ್ಲಿ ಉರುಳುತ್ತವೆ. ಸಾಮಾನ್ಯ ತಂತಿಯಲ್ಲಿ ಅವುಗಳ ಸರಾಸರಿ ಮುನ್ನಡೆ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಶಿಕ್ಷಕರು ಇದನ್ನು ಹೇಳದಿದ್ದರೆ ಒಂದು ತಪ್ಪು ಕಲ್ಪನೆ ಹೋಗಿ ಆ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. 1902ರಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿದ ಶಿವನಸಮುದ್ರ ಇಂದು ಮಂಡ್ಯ ಜಿಲ್ಲೆಯಲ್ಲೇ ಇದೆ. ಮಳವಳ್ಳಿ ತಾಲ್ಲೂಕಿನ ಮಕ್ಕಳು ಜನರೇಟರಿನ ಸಿಮ್ಯುಲೇಷನ್ ನೋಡಿ, ಆನಂತರ ತಮ್ಮೂರ ಪಕ್ಕದ ವಿದ್ಯುದಾಗಾರವನ್ನು ನೋಡದೇ ಉಳಿದರೆ ಪಾಠ ಅರ್ಧಕ್ಕೇ ನಿಂತಂತೆ.

ಕನ್ನಂಬಾಡಿ ಕಟ್ಟೆಯ ತೂಬು ಮಕ್ಕಳ ಕೈಗೆ ಬಂದರೆ

ವಿಜ್ಞಾನದ ಪಾಠಗಳಾಚೆಗೂ ಸಿಮ್ಯುಲೇಷನ್ ಏನು ಮಾಡಬಲ್ಲದು ಎಂಬುದಕ್ಕೆ ಈ ಸೀಮೆಯದೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕೃಷ್ಣರಾಜಸಾಗರದ ನೀರಿನ ಮಟ್ಟ, ಒಳಹರಿವು, ಹೊರಹರಿವುಗಳ ಅಂಕಿಗಳು ದಿನವೂ ಪತ್ರಿಕೆಯಲ್ಲಿ ಬರುತ್ತವೆ. ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.452 ಟಿಎಂಸಿ ಎನ್ನುವುದು ಮಂಡ್ಯದ ಚಹಾದಂಗಡಿಗಳಲ್ಲೂ ಕೇಳಿಬರುವ ಸಂಖ್ಯೆಗಳು. ಆದರೆ ಕ್ಯೂಸೆಕ್‌ಗೂ ಟಿಎಂಸಿಗೂ ಇರುವ ಲೆಕ್ಕವನ್ನು ಮಾಡಿ ತೋರಿಸುವ ಪಾಠ ಅಪರೂಪ. ಸೆಕೆಂಡಿಗೆ ಒಂದು ಘನ ಅಡಿ ನೀರು ಒಂದು ಕ್ಯೂಸೆಕ್. ನೂರು ಕೋಟಿ ಘನ ಅಡಿ ನೀರು ಒಂದು ಟಿಎಂಸಿ. ದಿನಕ್ಕೆ 86,400 ಸೆಕೆಂಡುಗಳು. ಹೀಗಾಗಿ ಸುಮಾರು 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. 2023ರ ಸೆಪ್ಟೆಂಬರ್‌ನಲ್ಲಿ 5,000 ಕ್ಯೂಸೆಕ್‌ನಂತೆ 15 ದಿನ ತಮಿಳುನಾಡಿಗೆ ನೀರು ಬಿಡಬೇಕೆಂಬ ಆದೇಶ ಬಂದು ಮಂಡ್ಯ ಬೀದಿಗಿಳಿದಾಗ, ಆ ಅಂಕಿಯ ಒಟ್ಟು ಮೊತ್ತ ಸುಮಾರು 6.5 ಟಿಎಂಸಿ. ಆ ನೀರು ಕಬಿನಿಯಿಂದಲೂ ಹೋಗುತ್ತದೆ ಎನ್ನುವುದನ್ನು ಬದಿಗಿಟ್ಟು ನೋಡಿದರೆ, ಅದು ತುಂಬಿದ ಕನ್ನಂಬಾಡಿ ಕಟ್ಟೆಯ ಸುಮಾರು ಎಂಟನೆಯ ಒಂದು ಭಾಗ. ಕಟ್ಟೆ ಅರ್ಧವೇ ತುಂಬಿದ್ದರೆ ಅದೇ ನೀರು ಸುಮಾರು ನಾಲ್ಕನೆಯ ಒಂದು ಭಾಗವಾಗುತ್ತದೆ. ಎಂಟನೆಯ ತರಗತಿಯ ಗಣಿತ ಇದಕ್ಕೆ ಸಾಕು.

ಈ ಲೆಕ್ಕವನ್ನೇ ಒಂದು ಸಿಮ್ಯುಲೇಷನ್ ಆಗಿಸಬಹುದು. ಸ್ಪ್ರೆಡ್‌ಶೀಟ್ ಬಲ್ಲ ಶಿಕ್ಷಕರೇ ಇದನ್ನು ಸಿದ್ಧಪಡಿಸಬಲ್ಲರು. ಜೂನ್‌ನಿಂದ ಮೇವರೆಗೆ ತಿಂಗಳಿಗೊಂದು ಸಾಲು. ಒಳಹರಿವಿನ ಅಂಕಿಗಳು ಶಿಕ್ಷಕರ ಕೈಯಲ್ಲಿ. ತೂಬಿನ ತೀರ್ಮಾನ ಮಕ್ಕಳದು. ಹೊಲಗದ್ದೆಗಳಿಗೆ ನೀರುಣಿಸುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಎಷ್ಟು, ಮೈಸೂರಿನ ಕುಡಿಯುವ ನೀರಿಗೆ ಎಷ್ಟು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಏರುವ ನೀರಿಗೆ ಎಷ್ಟು, ನದಿಗೆ ಎಷ್ಟು, ಬಿಸಿಲಿಗೆ ಆವಿಯಾಗುವುದು ಎಷ್ಟು? ಒಂದು ಗುಂಪಿಗೆ 2025ರಂಥ ವರ್ಷ ಸಿಗಲಿ, ಜೂನ್ ತಿಂಗಳಲ್ಲೇ ಕಟ್ಟೆ ತುಂಬಿದ ವರ್ಷ. ಇನ್ನೊಂದು ಗುಂಪಿಗೆ 2023ರಂಥ ಬರದ ವರ್ಷ ಸಿಗಲಿ. ಮುಂದಿನ ತಿಂಗಳ ಮಳೆ ಗೊತ್ತಿಲ್ಲದೆ ಈ ತಿಂಗಳ ತೂಬನ್ನು ತೆರೆಯಬೇಕು. ಕಬ್ಬಿಗೆ ನೀರು ಬಿಟ್ಟು ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಡಿದ ಗುಂಪೂ, ಹೆದರಿ ನೀರನ್ನು ಹಿಡಿದಿಟ್ಟುಕೊಂಡು ಭತ್ತದ ಪೈರನ್ನು ಒಣಗಿಸಿದ ಗುಂಪೂ ಕೊನೆಯಲ್ಲಿ ಎದುರುಬದುರು ಕುಳಿತು ಮಾತನಾಡಿದರೆ, ಜಲಾಶಯ ನಿರ್ವಹಣೆ ಎಂಬ ಪಾಠಕ್ಕೆ ಜೀವ ಬರುತ್ತದೆ.

ಇಲ್ಲಿಂದ ಮುಂದೆ ವಿಷಯ ಸೂಕ್ಷ್ಮವಾಗುತ್ತದೆ. ಮಾದರಿಯಲ್ಲಿ ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಎಂದು ಯಾರೋ ಒಬ್ಬರು ಮೊದಲೇ ತೀರ್ಮಾನಿಸಿರುತ್ತಾರೆ. ಉತ್ತರದ ಅರ್ಧಭಾಗ ಅಲ್ಲೇ ನಿರ್ಧಾರವಾಗಿರುತ್ತದೆ. ಕಾವೇರಿ ವ್ಯಾಜ್ಯವೇ ಇದಕ್ಕೆ ಅತ್ಯುತ್ತಮ ನಿದರ್ಶನ. 2007ರಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ 270 ಟಿಎಂಸಿ, ತಮಿಳುನಾಡಿಗೆ 419 ಟಿಎಂಸಿ ಹಂಚಿತ್ತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿ, ತಮಿಳುನಾಡಿನ ಪಾಲನ್ನು 404.25 ಟಿಎಂಸಿಗೆ ಇಳಿಸಿತು. ನದಿಯ ಒಟ್ಟು ನೀರಿನ ಲೆಕ್ಕ 740 ಟಿಎಂಸಿ ಎಂಬುದು ಬದಲಾಗಲಿಲ್ಲ. ಬದಲಾದದ್ದು ಪರಿಗಣನೆಗೆ ಬಂದ ಅಂಶಗಳು. ತಮಿಳುನಾಡಿನ ಅಂತರ್ಜಲದಲ್ಲಿ 10 ಟಿಎಂಸಿಯನ್ನು ಲೆಕ್ಕಕ್ಕೆ ಹಿಡಿಯಲಾಯಿತು, ಬೆಂಗಳೂರಿನ ಕುಡಿಯುವ ನೀರಿಗಾಗಿ 4.75 ಟಿಎಂಸಿಯನ್ನು ಸೇರಿಸಲಾಯಿತು. ಎರಡೂ ಕೂಡಿದರೆ ಸರಿಯಾಗಿ 14.75.

ಯಾವುದಾದರೂ ಕಂಪನಿ ನಾಳೆ ನೀರಿನ ನಿರ್ವಹಣೆಯ ಚೆಂದದ ಆಟವೊಂದನ್ನು ತಂದು, ಅದರಲ್ಲಿ ಅಂತರ್ಜಲದ ಕಲಮೇ ಇಲ್ಲದಿದ್ದರೆ, ಅಥವಾ ಕಬ್ಬು ಬೆಳೆಯುವ ರೈತನನ್ನು ನೀರು ಪೋಲು ಮಾಡುವವನೆಂದು ಮೊದಲೇ ಬರೆದಿಟ್ಟಿದ್ದರೆ, ಮಕ್ಕಳು ಆ ಅಭಿಪ್ರಾಯವನ್ನು ತಮ್ಮದೇ ಅನುಭವವೆಂಬಂತೆ ಹೊತ್ತು ಮನೆಗೆ ಹೋಗುತ್ತಾರೆ. ಪುಸ್ತಕದ ವಾಕ್ಯವನ್ನು ಮಗು ‘ಪುಸ್ತಕ ಹೀಗೆ ಹೇಳುತ್ತದೆ’ ಎಂದು ಸ್ವಲ್ಪ ದೂರದಲ್ಲಿಟ್ಟುಕೊಳ್ಳಬಲ್ಲದು. ತಾನೇ ತೂಬು ತೆರೆದು ಕಂಡ ಫಲವನ್ನು ಹಾಗೆ ದೂರವಿಡುವುದು ಕಷ್ಟ. ಆದ್ದರಿಂದ ಮಾದರಿಯ ನಿಯಮಗಳನ್ನು ಬಿಚ್ಚಿ ನೋಡಲು, ತಿದ್ದಲು ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಸಾಧ್ಯವಿರುವ ಸಿಮ್ಯುಲೇಷನ್‌ಗಳೇ ಶಾಲೆಗೆ ಬೇಕು. ಸಮಾಜ ವಿಜ್ಞಾನದ ಮಟ್ಟಿಗಂತೂ ಈ ಷರತ್ತಿನಲ್ಲಿ ರಿಯಾಯಿತಿ ಇರಕೂಡದು.

ಪದಕ ಮತ್ತು ನಕ್ಷತ್ರಗಳ ಆಮಿಷ

ಆಟವಾದರೆ ಮಕ್ಕಳಿಗೆ ಹುರುಪು ಬರುತ್ತದೆ ಎನ್ನುವುದು ಶೈಕ್ಷಣಿಕ ಆಟಗಳ ಪರವಾಗಿ ಎಲ್ಲರೂ ಮುಂದಿಡುವ ಮಾತು. ಪುರಾವೆ ಬೇರೊಂದು ಕಡೆಗೆ ಬೆರಳು ತೋರಿಸುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕಲಿಕೆಗೆಂದೇ ರೂಪಿಸಿದ ಆಟಗಳು ರೂಢಿಯ ಬೋಧನೆಗಿಂತ ಕಲಿಕೆಯಲ್ಲೂ ನೆನಪಿನಲ್ಲೂ ಸ್ವಲ್ಪ ಮುಂದಿದ್ದವು, ಆದರೆ ಹುರುಪು ಹೆಚ್ಚಿಸುವುದರಲ್ಲಿ ಮುಂದಿವೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಆಟದ ಜೊತೆಗೆ ಬೇರೆ ಬೋಧನೆಯೂ ಇದ್ದಾಗ, ಒಂದೇ ಬಾರಿಗೆ ಮುಗಿಸದೆ ಹಲವು ಸಲ ಆಡಿಸಿದಾಗ, ಗುಂಪಿನಲ್ಲಿ ಆಡಿದಾಗ ಫಲ ಹೆಚ್ಚಿತ್ತು. ಒಂಟಿಯಾಗಿ ಮೂಲೆಯಲ್ಲಿ ಕುಳಿತು ಆಡುವ ಮಗುವಿನ ಚಿತ್ರಕ್ಕೂ ಈ ನಿಷ್ಕರ್ಷೆಗೂ ಇರುವ ಅಂತರವನ್ನು ಗಮನಿಸಬೇಕು.

ಬಹುಮಾನದ ಬಗ್ಗೆ ಇನ್ನೂ ಹಳೆಯ ಎಚ್ಚರಿಕೆಯಿದೆ. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಕೊಟ್ಟ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಪ್ರಶಸ್ತಿಯ ಆಸೆಯಿಂದ ಬಿಡಿಸಿದ ಮಕ್ಕಳು ಆನಂತರ, ಯಾವ ಬಹುಮಾನವೂ ಇಲ್ಲದ ದಿನಗಳಲ್ಲಿ, ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ನಕ್ಷತ್ರ, ಪದಕ, ದಿನ ತಪ್ಪದೆ ಆಡಿದರೆ ಬೆಳೆಯುವ ಸರಣಿ, ಗೆಳೆಯರ ಅಂಕಪಟ್ಟಿ, ಇವೆಲ್ಲ ಮಗುವನ್ನು ತಂತ್ರಾಂಶಕ್ಕೆ ಮತ್ತೆ ಕರೆತರುವ ಉಪಾಯಗಳು. ಪಣದ ಆಟಗಳ ಕಂಪನಿಗಳೂ ಇದೇ ಉಪಾಯಗಳನ್ನು ಬಳಸಿದವು. ಕಾನೂನಿನಲ್ಲಿ ಬೇರೆಯಾಗಿರುವ ಎರಡು ಜಗತ್ತುಗಳು ವಿನ್ಯಾಸದಲ್ಲಿ ಒಂದಾಗುವುದು ಇಲ್ಲಿಯೇ, ಮತ್ತು ಪೋಷಕರ ಆತಂಕ ನ್ಯಾಯವಾಗಿರುವುದೂ ಇಲ್ಲಿಯೇ.

ಮಕ್ಕಳ ಮಾಹಿತಿಯ ವಿಷಯದಲ್ಲೂ ಎಚ್ಚರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ಸಲ್ಲದು. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಶಿಕ್ಷಣ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳಿರುವುದರಿಂದ, ಶಾಲೆ ಆಯ್ಕೆ ಮಾಡಿದ ತಂತ್ರಾಂಶವು ಯಾವ ಮಾಹಿತಿ ಸಂಗ್ರಹಿಸುತ್ತದೆ ಎಂದು ಪೋಷಕರ ಸಭೆಯಲ್ಲಿ ಕೇಳುವುದು ಅಧಿಕಪ್ರಸಂಗವಾಗುವುದಿಲ್ಲ.

ಮೇಷ್ಟರ ಬದಲಿಗೋ, ಜೊತೆಗೋ

ಈ ಇಡೀ ಚರ್ಚೆಯಲ್ಲಿ ನೀತಿ ರೂಪಿಸುವವರು ಗೋಡೆಗೆ ಅಂಟಿಸಿಟ್ಟುಕೊಳ್ಳಬೇಕಾದ ಎರಡು ಭಾರತೀಯ ಅಧ್ಯಯನಗಳಿವೆ, ಎರಡೂ ಗುಜರಾತಿನವು. ವಡೋದರದ ಪುರಸಭಾ ಶಾಲೆಗಳಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕುಳಿತು ಗಣಿತದ ಆಟಗಳನ್ನು ಆಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವರ ಗಣಿತದ ಅಂಕಗಳು ಗಮನಾರ್ಹವಾಗಿ ಏರಿದ್ದವು. ಆದರೆ ಕಾರ್ಯಕ್ರಮ ಮುಗಿದ ಒಂದು ವರ್ಷದ ನಂತರ ಆ ಲಾಭದ ಬಹುಪಾಲು ಕರಗಿತ್ತು. ಒಂದು ವರ್ಷ ಆಡಿಸಿ ಬಿಟ್ಟರೆ ಸಾಲದು ಎಂಬುದು ಇದರ ತಾತ್ಪರ್ಯ.

2008ರ ಇನ್ನೊಂದು ಅಧ್ಯಯನ ಇನ್ನೂ ನೇರವಾದುದು. ಒಂದೇ ತಂತ್ರಾಂಶವನ್ನು ಕೆಲವು ಮಕ್ಕಳಿಗೆ ಶಾಲಾ ಅವಧಿಯಲ್ಲಿ, ಶಿಕ್ಷಕರ ಪಾಠದ ಸಮಯವನ್ನು ಕಡಿತಗೊಳಿಸಿ ಕೊಡಲಾಯಿತು. ಇನ್ನು ಕೆಲವರಿಗೆ ಶಾಲೆಯ ಅವಧಿಯಾಚೆ, ಪಾಠಕ್ಕೆ ಪೂರಕವಾಗಿ ಕೊಡಲಾಯಿತು. ಪಾಠದ ಬದಲಿಗೆ ಬಂದಾಗ ಮಕ್ಕಳ ಕಲಿಕೆ ಕುಸಿಯಿತು. ಪಾಠದ ಜೊತೆಗೆ ಬಂದಾಗ ಸುಧಾರಿಸಿತು, ಅದರಲ್ಲೂ ಹಿಂದುಳಿದ ಮಕ್ಕಳಿಗೆ ಹೆಚ್ಚು ಉಪಯೋಗವಾಯಿತು. ಕಂಪ್ಯೂಟರು ಅದೇ, ಪ್ರಶ್ನೆಗಳು ಅವೇ, ಪರಿಣಾಮ ಮಾತ್ರ ತದ್ವಿರುದ್ಧ.

ಪರಿಣಾಮವನ್ನು ಮುಂದಕ್ಕೆ ಎಳೆದು ನೋಡಿದರೆ ಅಪಾಯ ಎಲ್ಲಿದೆ ಎನ್ನುವುದು ಸ್ಪಷ್ಟವಾಗುತ್ತದೆ. ನಿಜವಾದ ಪ್ರಯೋಗಾಲಯಕ್ಕೆ ಪ್ರತಿವರ್ಷ ರಾಸಾಯನಿಕ ಬೇಕು, ಗಾಜಿನ ಸಾಮಾನು ಬೇಕು, ಸಹಾಯಕರು ಬೇಕು, ಬೀಗ ತೆಗೆಯುವ ಮನಸ್ಸೂ ಬೇಕು. ವರ್ಚುವಲ್ ಪ್ರಯೋಗಾಲಯ ಒಂದು ಸಲದ ಖರ್ಚಿನಂತೆ ಕಾಣುತ್ತದೆ. ತಪಾಸಣಾ ಪಟ್ಟಿಯಲ್ಲಿ ‘ಪ್ರಯೋಗಾಲಯ: ಇದೆ’ ಎಂದು ಬರೆಯಲು ಅದು ಸಾಕಾಗಿಬಿಟ್ಟರೆ, ಮುಂದಿನ ವರ್ಷದ ಅನುದಾನದ ಬೇಡಿಕೆಯಿಂದ ಗಾಜಿನ ಸಾಮಾನು ಮರೆಯಾಗುತ್ತದೆ; ಕೆಲವು ವರ್ಷಗಳಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಇದ್ದರೂ ನಡೆಯುತ್ತದೆಂಬ ವಾದವೂ ಹುಟ್ಟಬಹುದು. ಮೈಸೂರಿನ ಖಾಸಗಿ ಶಾಲೆಯ ಮಗುವಿಗೆ ಪ್ರಯೋಗಾಲಯವೂ ಸಿಮ್ಯುಲೇಷನ್ನೂ ದೊರೆತು, ನಾಗಮಂಗಲದ ಹಳ್ಳಿಯ ಮಗುವಿಗೆ ಸಿಮ್ಯುಲೇಷನ್ ಮಾತ್ರ ದೊರೆತರೆ, ಸಮಾನತೆಗಾಗಿ ಬಂದ ಸಾಧನವೇ ಅಸಮಾನತೆಯ ಹೊಸ ಗೆರೆಯಾಗುತ್ತದೆ. ಶಿಕ್ಷಕರ ಭಯವನ್ನು ಬದಲಾವಣೆಗೆ ಒಗ್ಗದ ಹಟವೆಂದು ತಳ್ಳಿಹಾಕುವವರು ಈ ಸರಪಳಿಯನ್ನು ಗಮನಿಸುತ್ತಿಲ್ಲ.

ಸಾಧನ ಇದೆ, ಬಳಕೆ ಬೇರೆ

ಶಾಲೆಗಳ ಕುರಿತು ಕೇಂದ್ರ ಶಿಕ್ಷಣ ಸಚಿವಾಲಯ ಸಂಗ್ರಹಿಸುವ ಯುಡೈಸ್ ಮಾಹಿತಿಯ 2024–25ರ ಅಂಕಿಅಂಶಗಳಂತೆ ದೇಶದ ಶಾಲೆಗಳಲ್ಲಿ 64.7 ಶೇಕಡಾದಲ್ಲಿ ಕಂಪ್ಯೂಟರ್ ಸೌಲಭ್ಯ, 63.5 ಶೇಕಡಾದಲ್ಲಿ ಇಂಟರ್‌ನೆಟ್ ಇದೆ. ಮೂರರಲ್ಲಿ ಒಂದು ಶಾಲೆ ಇನ್ನೂ ಹೊರಗಿದೆ. ಮನೆಗಳ ಚಿತ್ರ ಬೇರೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಸಮೀಕ್ಷಿಸುವ ಅಸರ್‌ನ 2024ರ ವರದಿಯ ಪ್ರಕಾರ 14ರಿಂದ 16 ವರ್ಷದವರಲ್ಲಿ ಸುಮಾರು 82 ಶೇಕಡಾ ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತು. ಹಾಗೆ ಗೊತ್ತಿದ್ದವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿ ಬಳಸಿದವರು 57 ಶೇಕಡಾ, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76 ಶೇಕಡಾ. ಫೋನ್ ಈಗಾಗಲೇ ಮಕ್ಕಳ ಕೈಯಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ಶಾಲೆಯೂ ಫೋನನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ. ತರಗತಿಯ ಮುಂದೆ ಒಂದೇ ಪರದೆಯಿಟ್ಟು, ಸ್ವಿಚ್ ಒತ್ತುವ ಮೊದಲು ಏನಾಗಬಹುದೆಂದು ಎಲ್ಲರಿಂದಲೂ ನೋಟ್‌ಬುಕ್ಕಿನಲ್ಲಿ ಬರೆಸಿ, ಆಮೇಲೆ ತೋರಿಸಿ, ಊಹೆ ತಪ್ಪಿದ್ದೇಕೆಂದು ಚರ್ಚಿಸಿದರೆ, ನಲವತ್ತು ಮಕ್ಕಳಿಗೆ ನಲವತ್ತು ಟ್ಯಾಬ್ ಹಂಚಿ ಸುಮ್ಮನಾಗುವುದಕ್ಕಿಂತ ಹೆಚ್ಚು ಕಲಿಕೆಯಾಗುತ್ತದೆ. ಪರದೆಯ ಮುಂದೆ ಕಳೆಯುವ ಹೊತ್ತೂ ಹತ್ತು ನಿಮಿಷಕ್ಕೆ ಇಳಿಯುತ್ತದೆ.

ಭಾಷೆಯ ತೊಡಕು ಕಡಿಮೆಯೇನಲ್ಲ. ಪಠ್ಯಪುಸ್ತಕದಲ್ಲಿ ‘ರೋಧ’, ‘ವಿಭವಾಂತರ’ ಎಂದು ಓದಿದ ಕನ್ನಡ ಮಾಧ್ಯಮದ ಮಗುವಿಗೆ ಪರದೆಯಲ್ಲಿ ಇಂಗ್ಲಿಷ್ ಪದಗಳು ಎದುರಾದರೆ, ಅಥವಾ ಪುಸ್ತಕದಲ್ಲಿಲ್ಲದ ಬೇರೊಂದು ಕನ್ನಡ ಪದ ಎದುರಾದರೆ, ಗಮನ ವಿಜ್ಞಾನದಿಂದ ಜಾರಿ ಪದದ ಮೇಲೆ ನಿಲ್ಲುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ, ಭಾರತೀಯ ಭಾಷಾ ಸಂಸ್ಥಾನವೂ ಇವೆ. ಒಂದು ಕಡೆ ಶಿಕ್ಷಕರ ತರಬೇತಿ, ಇನ್ನೊಂದು ಕಡೆ ಭಾಷೆಯ ಪರಿಣತಿ. ರಾಜ್ಯದ ಪಠ್ಯಪುಸ್ತಕದ ಪರಿಭಾಷೆಯಲ್ಲೇ ಮುಕ್ತ ಸಿಮ್ಯುಲೇಷನ್‌ಗಳನ್ನು ಕನ್ನಡಕ್ಕೆ ತರಲು ಇದಕ್ಕಿಂತ ಅನುಕೂಲವಾದ ಊರು ಸಿಗುವುದು ಕಷ್ಟ. ‘ಮುಕ್ತ’ ಎಂಬ ಮಾತಿಗೆ ಇಲ್ಲಿ ವಿಶೇಷ ತೂಕವಿದೆ. ಜಾಲತಾಣಗಳಲ್ಲಿ ಚಲಿಸುವ ಚಿತ್ರ, ಆಟಗಳನ್ನು ರಚಿಸಲು ಬಳಸುತ್ತಿದ್ದ ಫ್ಲ್ಯಾಶ್ ತಂತ್ರಜ್ಞಾನಕ್ಕೆ ಅದರ ಕಂಪನಿಯು 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿದಾಗ, ಅದರಲ್ಲಿ ರಚಿಸಿದ್ದ ಅಸಂಖ್ಯ ಪಾಠಗಳೂ ಆಟಗಳೂ ತೆರೆಯದಂತಾದವು. ಮೂಲಸಂಕೇತ ಬಹಿರಂಗವಾಗಿದ್ದವುಗಳನ್ನು ಹೊಸ ತಂತ್ರಜ್ಞಾನಕ್ಕೆ ಬದಲಿಸಿಕೊಳ್ಳಲು ದಾರಿಯಿತ್ತು.

ಪ್ರಶ್ನೆಪತ್ರಿಕೆ ಬದಲಾಗದಿದ್ದರೆ

ಇಷ್ಟೆಲ್ಲ ಕೂಡಿಬಂದರೂ ಹತ್ತನೆಯ ತರಗತಿಯ ಬಾಗಿಲಲ್ಲಿ ಎಲ್ಲವೂ ನಿಂತುಬಿಡುವ ಸಾಧ್ಯತೆಯಿದೆ. ಎಸ್‌ಎಸ್‌ಎಲ್‌ಸಿ ವಿಜ್ಞಾನಕ್ಕೆ 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಆಂತರಿಕ ಮೌಲ್ಯಮಾಪನ. ‘ಓಮ್‌ನ ನಿಯಮವನ್ನು ನಿರೂಪಿಸಿ’ ಎಂಬ ಪ್ರಶ್ನೆಗೆ ಉತ್ತರಿಸಲು ಸಿಮ್ಯುಲೇಷನ್ ಬೇಕಿಲ್ಲ, ಪ್ರಯೋಗಾಲಯವೂ ಬೇಕಿಲ್ಲ, ಗೈಡ್ ಸಾಕು. ಫಲಿತಾಂಶದ ಶೇಕಡಾವಾರಿಗೆ ಉತ್ತರಿಸಬೇಕಾದ ಮುಖ್ಯೋಪಾಧ್ಯಾಯರು ಡಿಸೆಂಬರ್ ಕಳೆಯುತ್ತಿದ್ದಂತೆ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿಸಿ ಪುನರಾವರ್ತನೆಯ ತರಗತಿಗಳನ್ನು ಹೆಚ್ಚಿಸಿದರೆ ಅವರನ್ನು ದೂರುವುದು ನ್ಯಾಯವಲ್ಲ. ವ್ಯವಸ್ಥೆ ಅವರಿಂದ ಕೇಳುತ್ತಿರುವುದೇ ಅದನ್ನು.

‘ಮೂರು ಬಲ್ಬುಗಳ ಈ ಮಂಡಲದಲ್ಲಿ ನಡುವಿನ ಬಲ್ಬನ್ನು ಕಳಚಿದರೆ ಉಳಿದೆರಡರ ಪ್ರಕಾಶ ಏನಾಗುತ್ತದೆ, ಏಕೆ?’ ಎಂಬ ಪ್ರಶ್ನೆ ಬಂದರೆ ಪರಿಸ್ಥಿತಿ ಬೇರೆಯಾಗುತ್ತದೆ. ಅದಕ್ಕೆ ಗೈಡಿನಲ್ಲಿ ಸಿದ್ಧ ಉತ್ತರವಿರುವುದಿಲ್ಲ, ಏಕೆಂದರೆ ಮುಂದಿನ ವರ್ಷ ಮಂಡಲದ ಚಿತ್ರ ಬದಲಾಗಿರುತ್ತದೆ. ಆಗ ಮೊದಲು ಊಹಿಸಿ, ಆಮೇಲೆ ಮಾಡಿ ನೋಡುವ ಅಭ್ಯಾಸಕ್ಕೆ ತರಗತಿಯಲ್ಲಿ ಬೆಲೆ ಬರುತ್ತದೆ. ಇಪ್ಪತ್ತು ಅಂಕಗಳ ಆಂತರಿಕ ಮೌಲ್ಯಮಾಪನದಲ್ಲಿ ಐದು ಅಂಕಗಳನ್ನು ವಿದ್ಯಾರ್ಥಿಯ ಊಹೆಯ ನೋಟ್‌ಬುಕ್ಕಿಗೆ ಮೀಸಲಿಡಬಹುದು: ಏನಾಗುತ್ತದೆಂದು ಎಣಿಸಿದೆ, ಪರದೆಯಲ್ಲಿ ಏನಾಯಿತು, ಕೈಯಲ್ಲಿ ಮಾಡಿದಾಗ ಏನಾಯಿತು, ಎರಡರ ನಡುವೆ ವ್ಯತ್ಯಾಸ ಬಂದಿದ್ದರೆ ಏಕೆ? ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಟೆಂಡರೂ ಬೇಕಿಲ್ಲ. ಶಿಕ್ಷಣ ಇಲಾಖೆಯ ಒಂದು ಸುತ್ತೋಲೆ, ತಾಲ್ಲೂಕು ಮಟ್ಟದಲ್ಲಿ ವಿಜ್ಞಾನ ಶಿಕ್ಷಕರಿಗೆ ಎರಡು ದಿನಗಳ ತರಬೇತಿ, ಜೊತೆಗೆ ಪ್ರತಿ ಶಾಲೆಗೆ ಹೊಸ ಬ್ಯಾಟರಿ, ತಂತಿ ಮತ್ತು ಬಲ್ಬುಗಳು ಬೇಕು.